ಸಿರುಗುಪ್ಪದವನ ಜಾಮೀನು

ಸಂಬಳದ ದಿನ ನನ್ನ ಗೆಳೆಯನ ಮುಖ ನೋಡಿದರೆ ನನಗೆ ಹೊಟ್ಟೆ ಉರಿಯುತ್ತಿತ್ತು. ಎಲ್ಲರಿಗೂ ಅವತ್ತು ಮುಖ ಅರಳುತ್ತದೆ. ಅವನದು ಅರಳುವುದೂ ಇಲ್ಲ, ಬಾಡುವುದೂ ಇಲ್ಲ. ನೋಟು ಎಣಿಸಿ, ಮಡಚಿ, ಒಳಜೇಬಿಗೆ ಇಳಿಸಿ, ಮೇಲಿಂದ ಒಮ್ಮೆ ಅಂಗೈಯಿಂದ ತಟ್ಟಿ, ಮತ್ತೆ ಬಟ್ಟೆಯ ಥಾನು ಸುತ್ತುತ್ತ ಕೂತುಬಿಡುತ್ತಿದ್ದ, ಏನೂ ಆಗಿಯೇ ಇಲ್ಲವೆಂಬಂತೆ. ಅದೇ ಹೊತ್ತಿಗೆ ನಾನು ಅಂಗಡಿಯ ಮುಂಬಾಗಿಲಿನಿಂದ ಹೋಗಲೋ ಹಿಂಬಾಗಿಲಿನಿಂದ ಹೋಗಲೋ ಎಂಬ ಚಿಂತೆಯಲ್ಲಿರುತ್ತಿದ್ದೆ. ಮುಂಬಾಗಿಲಿನಲ್ಲಿ ಚಹಾದವನು, ಹಿಂಬಾಗಿಲಿನಲ್ಲಿ ಮೊಬೈಲ್ ರಿಪೇರಿಯವನು. ಇಬ್ಬರಿಗೂ ನನ್ನ ಬಾಕಿ ಇತ್ತು. ಇಬ್ಬರಿಗೂ ನನ್ನ ಸಂಬಳದ ತಾರೀಖು ಗೊತ್ತಿತ್ತು.

ನಾವಿಬ್ಬರೂ ಬಳ್ಳಾರಿಯ ಬ್ರೂಸ್‌ಪೇಟೆಯಲ್ಲಿ ಒಂದು ಬಟ್ಟೆ ಅಂಗಡಿಯ ಕೆಲಸಗಾರರು. ಪ್ಯಾಂಟು, ಶರ್ಟಿನ ಬಟ್ಟೆ ತೋರಿಸುವುದು, ಅಳೆಯುವುದು, ಕತ್ತರಿಸುವುದು, ಗಿರಾಕಿ ಏನೂ ಕೊಳ್ಳದೆ ಎದ್ದುಹೋದರೆ ಎಲ್ಲವನ್ನೂ ಮತ್ತೆ ಸುತ್ತಿಡುವುದು. ಅವನ ಊರು ಸಿರುಗುಪ್ಪ, ನನ್ನದು ಕುರುಗೋಡು. ಅಂಗಡಿಯಲ್ಲಿ ನಮ್ಮ ಹೆಸರು ಹಿಡಿದು ಕರೆದವರೇ ಇಲ್ಲ. ಸಾವುಕಾರರು ಗಲ್ಲಾಪೆಟ್ಟಿಗೆಯ ಹಿಂದೆ ಕೂತು, "ಏ ಸಿರುಗುಪ್ಪ, ಮ್ಯಾಲಿನ ನೀಲಿ ಥಾನ್ ಇಳಸು. ಏ ಕುರುಗೋಡು, ಬಾಯಿ ಮುಚ್ಚು" ಎನ್ನುತ್ತಿದ್ದರು. ಒಂದು ಊರು ದುಡಿಯುತ್ತಿತ್ತು, ಇನ್ನೊಂದು ಬೈಸಿಕೊಳ್ಳುತ್ತಿತ್ತು.

ಬಾಯಿ ಮುಚ್ಚುವುದು ನನ್ನಿಂದಾಗದ ಕೆಲಸ. ಯಾರ ದನಿಯನ್ನಾದರೂ ನಾಲ್ಕು ಸಲ ಕೇಳಿದರೆ ಐದನೆಯ ಸಲ ಅದು ನನ್ನ ಗಂಟಲಿನಿಂದ ಹೊರಡುತ್ತದೆ. ಸಾವುಕಾರರ ಕೆಮ್ಮು, ಬಸ್‌ಸ್ಟ್ಯಾಂಡಿನ ಕಂಡಕ್ಟರು, ಆಂಧ್ರದ ಕಡೆಯಿಂದ ಬಂದು "ತಗ್ಗಿಂಚು ಅಣ್ಣಾ, ಇಂಕಾ ತಗ್ಗಿಂಚು" ಎಂದು ದರ ಇಳಿಸಲು ಕಾಡುವ ಗಿರಾಕಿಗಳು, ಎಲ್ಲರೂ ನನ್ನ ಬಾಯಲ್ಲಿ ಬಾಡಿಗೆಯಿಲ್ಲದೆ ವಾಸವಾಗಿದ್ದಾರೆ. ನನ್ನನ್ನೂ ನಾನು ಬಿಟ್ಟಿಲ್ಲ. ಕೈಗಡ ಕೇಳುವಾಗ ನನ್ನ ದನಿ ಹೇಗೆ ಸಣ್ಣಗಾಗಿ ಬೆಲ್ಲದ ಪಾಕದಂತೆ ಇಳಿಯುತ್ತದೆ, ವಾಪಸ್ಸು ಕೇಳಿದಾಗ ಹೇಗೆ ಒಣಗಿ ಬಿರುಕು ಬಿಡುತ್ತದೆ ಎಂದು ಮಾಡಿ ತೋರಿಸಿದರೆ ಕೈಗಡ ಕೊಟ್ಟವರೇ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಅಷ್ಟು ನಕ್ಕ ಮೇಲೆ ಬಾಕಿ ಕೇಳಲು ಅವರಿಗೂ ಮುಖ ಬರುತ್ತಿರಲಿಲ್ಲ. ಈ ವಿದ್ಯೆಯಿಂದ ನನಗಾದ ಲಾಭ ಅಷ್ಟೇ.

ಸಾಲ ಮಾತ್ರ ಇಬ್ಬರೂ ಒಂದೇ ದಿನ ಮಾಡಿದೆವು. ಅಂಗಡಿಯ ಗಲ್ಲಿಯ ತುದಿಗೆ ಒಂದು ಪತ್ತಿನ ಸಹಕಾರ ಸಂಘವಿದೆ. ಪೇಟೆಯ ಕೆಲಸಗಾರರೆಲ್ಲ ಅದರ ಸದಸ್ಯರು. ಬಾಯಿಮಾತಿನಲ್ಲಿ ಎಲ್ಲರಿಗೂ ಅದು ಸೊಸೈಟಿ. ಒತ್ತೆ ಇಡಲು ಬಂಗಾರವಿಲ್ಲದವನಿಗೆ ಅಲ್ಲಿ ಇನ್ನೊಬ್ಬ ಸದಸ್ಯನ ಜಾಮೀನು ಸಾಕು. ಹಾಗಾಗಿ ಪೇಟೆಯಲ್ಲಿ ಒಂದು ರೂಢಿ ಬೆಳೆದಿದೆ: ಇಬ್ಬರು ಜೋಡಿಯಾಗಿ ಹೋಗುತ್ತಾರೆ, ಅವನ ಸಾಲಕ್ಕೆ ಇವನು ಜಾಮೀನು, ಇವನ ಸಾಲಕ್ಕೆ ಅವನು. ಕೈಯಲ್ಲಿ ಕಾಸಿಲ್ಲದ ಇಬ್ಬರು ಒಬ್ಬರನ್ನೊಬ್ಬರು ತೋರಿಸಿ, ಇವನನ್ನು ನಂಬಿ ಎಂದರೆ ಸೊಸೈಟಿಯವರು ನಂಬುತ್ತಾರೆ. ನನಗೂ ಅವನಿಗೂ ತಲಾ ಅರವತ್ತು ಸಾವಿರ ಸಿಕ್ಕಿತು.

ಅವನು ಊರಿನ ಮನೆಯ ಸೋರುವ ತಗಡು ತೆಗೆಸಿ ಹೊಸದು ಹಾಕಿಸಿದ, ಬಚ್ಚಲು ಕಟ್ಟಿಸಿದ. ನಾನು ಒಂದು ಹಳೆಯ ಬೈಕು, ಒಂದು ಮೈಕು, ಎರಡು ಸ್ಪೀಕರು ಕೊಂಡೆ. ಮದುವೆ ಆರ್ಕೆಸ್ಟ್ರಾಗಳಲ್ಲಿ ಹಾಡುಗಳ ನಡುವೆ ಮಿಮಿಕ್ರಿ ಮಾಡಿ ತಿಂಗಳ ಕಂತಿನ ಎರಡರಷ್ಟು ದುಡಿಯುತ್ತೇನೆ ಎಂಬುದು ನನ್ನ ಲೆಕ್ಕ. ನನ್ನ ಎರಡನೆಯ ಕಾರ್ಯಕ್ರಮ ರೂಪನಗುಡಿಯಲ್ಲಿ. ಕರೆಂಟು ಹೋಗಿ, ಹೋದದ್ದಕ್ಕಿಂತ ಜೋರಾಗಿ ಬಂತು. ಸ್ಪೀಕರೆರಡೂ ಒಟ್ಟಿಗೇ 'ಫಟ್' ಅಂದವು. ಅಷ್ಟು ಚೆಂದದ ದನಿಯನ್ನು ನಾನು ಇವತ್ತಿಗೂ ತೆಗೆದಿಲ್ಲ. ಜನ ಅದೂ ಮಿಮಿಕ್ರಿಯೇ ಎಂದುಕೊಂಡು ಚಪ್ಪಾಳೆ ತಟ್ಟಿದರು.

ಸ್ಪೀಕರು ಹೋದವು, ಕಂತು ಉಳಿಯಿತು. ಕೋಟೆ ಗುಡ್ಡದ ಕೆಳಗಿನ ಓಣಿಯಲ್ಲಿ ನಮ್ಮಿಬ್ಬರದು ಒಂದೇ ಖೋಲಿ, ಒಂದೇ ಫ್ಯಾನು, ಊಟಕ್ಕೆ ಒಂದೇ ಖಾನಾವಳಿ. ಸಂಬಳವೂ ಒಂದೇ. ನನ್ನ ಉರಿಗೆ ಮೂಲ ಅದೇ. ಅವನು ನನಗಿಂತ ಹೆಚ್ಚು ದುಡಿಯುತ್ತಿದ್ದರೆ ನಾನು ನಿಶ್ಚಿಂತೆಯಿಂದ ಅವನನ್ನು ಬೈದುಕೊಂಡು ಇರುತ್ತಿದ್ದೆ. ಒಂದೇ ಸಂಬಳದಲ್ಲಿ ತಿಂಗಳ ಕೊನೆಗೆ ಅವನ ಹತ್ತಿರ ಹಣ ಉಳಿಯುತ್ತಿತ್ತು, ನನ್ನ ಹತ್ತಿರ ತಿಂಗಳು ಉಳಿಯುತ್ತಿತ್ತು.

ಅವನ ಪದ್ಧತಿ ಹೀಗೆ. ಸಂಬಳದ ಸಂಜೆ ನೇರ ಸೊಸೈಟಿಗೆ ಹೋಗಿ ಕಂತು ಕಟ್ಟುವುದು. ಆಮೇಲೆ ಬಾಡಿಗೆ, ಖಾನಾವಳಿ, ಊರಿನಲ್ಲಿರುವ ಅವ್ವನಿಗೆ. ಉಳಿದದ್ದನ್ನು ವಾರಕ್ಕೊಂದರಂತೆ ನಾಲ್ಕು ಪಾಲು ಮಾಡಿ, ಒಂದನ್ನು ಜೇಬಿಗೆ ಹಾಕಿ, ಮೂರನ್ನು ಖಾನಾವಳಿಯ ಅಕ್ಕನ ಕೈಗೆ ಕೊಡುತ್ತಿದ್ದ. ಅಕ್ಕ ಅವನ್ನು ಜೋಳದ ಹಿಟ್ಟಿನ ಡಬ್ಬಿಗಳ ಹಿಂದೆ ಎಲ್ಲೋ ಇಡುತ್ತಿದ್ದಳು. ಸೋಮವಾರ ಸೋಮವಾರ ಒಂದು ಪಾಲು ವಾಪಸ್ಸು. ವಾರದ ನಡುವೆ ಕೇಳಿದರೆ ಕೊಡಬೇಡ ಎಂದು ಅವನೇ ಹೇಳಿಟ್ಟಿದ್ದ. ವಾರದಲ್ಲಿ ಮಿಕ್ಕ ಚಿಲ್ಲರೆಯೂ ಅಕ್ಕನಿಗೇ. ಅದು ಕೂಡಿಕೊಂಡಾಗ ಸೊಸೈಟಿಗೆ ಹೆಚ್ಚುವರಿ ಕಂತು.

"ಫೋನಿನಾಗ ಇಟ್ಕೋಬಾರ್ದೇನಲೇ, ಈ ಕಾಲದಾಗ?" ಎಂದು ನಾನು ಹಂಗಿಸಿದ್ದೆ.

"ಫೋನಿನಾಗ ಇದ್ರ ಬಟ್ಟು ಒತ್ತಿದ್ರ ಹೋಗ್ತಾವು. ಅಕ್ಕನ ಹತ್ರ ಇದ್ರ ಬೈಸ್ಕೊಂಡು ಈಸ್ಕೋಬೇಕು," ಎಂದ.

ಅಕ್ಕ ಬೈಯುವುದರಲ್ಲಿ ನಿಸ್ಸೀಮಳು. ರೊಟ್ಟಿ ಬಡಿಯುತ್ತಲೇ ಬೈಯುತ್ತಾಳೆ, ತಾಳ ತಪ್ಪುವುದಿಲ್ಲ. "ಲೇ ಕುರುಗೋಡು, ನಿನ್ನ ಗೆಳ್ಯಾನ್ನ ನೋಡಿ ಕಲಿ. ಅಂವ ರೊಕ್ಕಾ ಕೊಟ್ಟು ಉಣ್ತಾನ. ನೀ ಉಂಡು ಮಕಾ ತೋರಸ್ತಿ."

"ಮಕಾ ಚಂದ ಐತಲ್ಲಕ್ಕ?"

"ಚಂದ ಐತಿ. ಅದನ್ನ ಒಯ್ದು ಕಿರಾಣಿ ಅಂಗಡ್ಯಾಗ ಕೊಡ್ತೀನಿ, ಜ್ವಾಳ ಕೊಡ್ತಾರೇನು ಕೇಳು."

ಎಲ್ಲರೂ ನಕ್ಕರು. ಅವನೊಬ್ಬನೇ ನಗದೆ ಪುಂಡಿ ಪಲ್ಯೆ ಹಾಕಿಸಿಕೊಂಡ. ಅದಕ್ಕೂ ನನಗೆ ಉರಿಯಿತು. ನಕ್ಕಿದ್ದರೆ ಜಗಳವಾದರೂ ಆಡಬಹುದಿತ್ತು.

ನಾನು ಎರಡು ಕಂತು ತಪ್ಪಿಸಿದಾಗ ಒಂದು ಸಂಜೆ ಅವನು ಖೋಲಿಗೆ ಬಂದು ಚಪ್ಪಲಿ ಬಿಡುತ್ತ ಹೇಳಿದ, "ಸೊಸೈಟಿಯಿಂದ ಫೋನ್ ಬಂದಿತ್ತು."

"ಯಾರಿಗೆ?"

"ನನಗ."

"ನಿಂದೂ ಕಂತು ತಪ್ಪೇತೇನಲೇ?" ನನಗೆ ಎಷ್ಟು ಆನಂದವಾಯಿತೆಂದರೆ ಎದ್ದು ಕೂತೆ.

"ನಂದಲ್ಲ. ನಿಂದು."

ಅಷ್ಟೇ. ಬೈಯಲಿಲ್ಲ, ಬುದ್ಧಿ ಹೇಳಲಿಲ್ಲ. ಗೋಡೆಯ ಕಡೆ ಹೊರಳಿ ಮಲಗಿದ, ಮಲಗಿದೊಡನೆ ಗೊರಕೆ. ಆ ಗೊರಕೆಯ ದನಿ ನನಗೆ ಬರುತ್ತದೆ, ಆ ನಿದ್ದೆ ಬರುವುದಿಲ್ಲ.

ಈ ಉರಿಗೆ ಏನಾದರೂ ಮಾಡಲೇಬೇಕಿತ್ತು. ಮರುದಿನದಿಂದ ಮಿಮಿಕ್ರಿಯಲ್ಲಿ ಅವನ ದನಿಯನ್ನೇ ತೆಗೆಯತೊಡಗಿದೆ. ಅವನದು ತೆಗೆಯಲು ಕಠಿಣವಾದ ದನಿ. ಏರಿಳಿತವಿಲ್ಲ, ಕೆಮ್ಮಿಲ್ಲ, ಕೊಂಕಿಲ್ಲ. ಆದರೆ ಒಂದು ಜಾಗದಲ್ಲಿ ಸಿಕ್ಕಿಬಿದ್ದ. ಯಾರು ಏನು ಕೊಳ್ಳಲು ಕರೆದರೂ ಅವನದು ಒಂದೇ ಉತ್ತರ: ಕುತ್ತಿಗೆ ತುಸು ಎಡಕ್ಕೆ ವಾಲಿಸಿ, ಕಣ್ಣು ನೆಲಕ್ಕಿಟ್ಟು, "ಬ್ಯಾಡ್ರಿ, ಖೋಲ್ಯಾಗ ಐತಿ." ಬೆಲ್ಟು ಮಾರುವವನಿಗೂ ಅದೇ, ಬಿಸಿ ಮಿರ್ಚಿ ಬಜ್ಜಿಯವನಿಗೂ ಅದೇ. ಖೋಲಿಯಲ್ಲಿ ಎಲ್ಲಿಯ ಬಜ್ಜಿ! ಆದರೆ ಆ ದನಿಯಲ್ಲಿ ಹೇಳಿದಾಗ ಬಜ್ಜಿಯವನೂ ನಂಬಿ ಮುಂದೆ ಹೋಗುತ್ತಿದ್ದ.

ಖಾನಾವಳಿಯಲ್ಲಿ ಅವನು ಬರುವ ಮುಂಚೆ ಇದನ್ನು ಮಾಡಿ ತೋರಿಸಿದೆ. ಅಕ್ಕ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ನಕ್ಕಳು. ಆ ನಗುವಿನ ಆಸೆಗೆ ನಾನು ಇನ್ನೂ ಮುಂದೆ ಹೋದೆ. ಪೇಟೆಯಲ್ಲೂ ಅವನ ಹಾಗೆ ನಡೆದೆ. ಚಹಾಕ್ಕೆ ಕರೆದವರಿಗೆ, "ಬ್ಯಾಡ್ರಿ, ಖೋಲ್ಯಾಗ ಐತಿ." ಸಿನಿಮಾಕ್ಕೆ ಕರೆದ ಹುಡುಗರಿಗೆ, "ಬ್ಯಾಡ್ರಿ, ಖೋಲ್ಯಾಗ ಐತಿ." ಫೋನಿನಲ್ಲಿ ಹೊಸ ಶೂ ತೋರಿಸಿದ ಪಕ್ಕದ ಅಂಗಡಿಯವನಿಗೂ ಅದೇ. ಎಲ್ಲರೂ ಬಿದ್ದುಬಿದ್ದು ನಕ್ಕರು. ಸಂಬಳದ ಸಂಜೆ ಸೊಸೈಟಿಗೆ ಅವನ ಹಿಂದೆ ಹಿಂದೆ ಅವನದೇ ನಡಿಗೆಯಲ್ಲಿ ಹೋಗಿ, ಅವನ ಹಾಗೇ ನೋಟು ಎಣಿಸಿ, ತಪ್ಪಿದ್ದವುಗಳಲ್ಲಿ ಒಂದು ಕಂತನ್ನೂ ಸೇರಿಸಿ ಕಟ್ಟಿದೆ. ಕೌಂಟರಿನ ಹುಡುಗಿ ನಕ್ಕು ರಸೀತಿ ಕೊಟ್ಟಳು. ಉಳಿದದ್ದನ್ನು ನಾಲ್ಕು ಪಾಲು ಮಾಡಿ ಅಕ್ಕನಿಗೂ ಕೊಟ್ಟೆ, ಕುತ್ತಿಗೆ ಎಡಕ್ಕೆ ವಾಲಿಸಿಯೇ. "ನಡುವ ಕೇಳಿದ್ರ ಕೊಡಬ್ಯಾಡ್ರಿ ಅಕ್ಕಾರ."

"ನಾಟಕಾನೋ, ಖರೇನೋ?" ಎಂದಳು ಅಕ್ಕ.

"ನಾಟಕನಽ ಅಕ್ಕ."

"ಹಂಗಾರ ಇನ್ನ ನಾಕು ತಿಂಗ್ಳು ಮಾಡು, ಟಿಕೀಟ್ ಇಲ್ಲದ ನೋಡ್ತೀನಿ."

ಆ ತಿಂಗಳ ಕೊನೆಗೆ ನನ್ನ ಜೇಬಿನಲ್ಲಿ ಮುನ್ನೂರ ಚಿಲ್ಲರೆ ರೂಪಾಯಿ ಇತ್ತು. ಯಾರ ಕೈಗಡವೂ ಅಲ್ಲ, ನನ್ನದೇ. ನೋಡಿ ಗಾಬರಿಯಾಯಿತು. ನನ್ನ ಸ್ವಂತ ದನಿಯಲ್ಲಿ ಬೇಡ ಅನ್ನಲು ನನಗೆ ಬರುವುದೇ ಇಲ್ಲ ಎಂಬುದು ಆಗ ಹೊಳೆಯಿತು. ಯಾರಾದರೂ ಬಾ ಎಂದರೆ ನಡಿ ಎನ್ನುವುದೇ ನನ್ನ ದನಿ. ಅವನ ದನಿಯಲ್ಲಿ ಮಾತ್ರ ಬೇಡ ಅನ್ನುವುದು ಸಲೀಸು. ಹಾಗೆಂದು ಅವನಿಗೆ ಉಪಕಾರ ಸ್ಮರಿಸಲಿಲ್ಲ. ನನ್ನ ಉಳಿತಾಯಕ್ಕೂ ಅವನೇ ಬೇಕಾಯಿತಲ್ಲ ಎಂದು ಇನ್ನಷ್ಟು ಉರಿದೆ.

ರಜೆಗೆ ಕುರುಗೋಡಿಗೆ ಹೋದಾಗ ನನ್ನ ದನಿ ಯಾರದೆಂದು ಗೊತ್ತಾಯಿತು. ಬಸ್‌ಸ್ಟ್ಯಾಂಡಿನ ಹೋಟೆಲಿನಲ್ಲಿ ಅಪ್ಪ ಎಂದಿನಂತೆ ಗುರುತಿದ್ದವರಿಗೂ ಗುರುತಿಲ್ಲದವರಿಗೂ ವಗ್ಗಾಣಿ ಕೊಡಿಸುತ್ತ ಕೂತಿದ್ದ. ನನ್ನನ್ನು ನೋಡಿ, "ಬಾರಲೇ, ನಿನಗ ವಗ್ಗಾಣಿ, ಎರಡು ಮಿರ್ಚಿ. ಏ, ಇನ್ನೊಂದ್ ನಾಕು ಪ್ಲೇಟ್ ಹಚ್ಚಪಾ! ರೊಕ್ಕಾ ನನ್ ಮಗ ಕೊಡ್ತಾನ," ಎಂದ.

ನನ್ನ ಕುತ್ತಿಗೆ ತಾನೇ ಎಡಕ್ಕೆ ವಾಲಿತು. "ಬ್ಯಾಡ್ರಿ, ಮನ್ಯಾಗ ಐತಿ."

ಅಪ್ಪ ನನ್ನ ಹಣೆ ಮುಟ್ಟಿ ನೋಡಿದ. "ಜ್ವರ ಇಲ್ಲ. ಬಳ್ಳಾರ್ಯಾಗ ಯಾವನ ಕೂಡ ಅದೀಯಲೇ ನೀ?"

ಆರೇಳು ತಿಂಗಳು ಹೀಗೆ ನಡೆಯಿತು. ನನ್ನ ಸಾಲ ಇಳಿಯುತ್ತ ಬಂತು, ಅವನದು ತೀರಿಯೇ ಹೋಯಿತು, ಅವಧಿಗಿಂತ ಮೊದಲು. ಪೇಡಾ ಹಂಚಲಿಲ್ಲ, ಯಾರಿಗೂ ಹೇಳಲೂ ಇಲ್ಲ. ಸೊಸೈಟಿಯಿಂದ ಸುದ್ದಿ ಸಾವುಕಾರರಿಗೆ ಮುಟ್ಟಿ, ಅವರು ಗಲ್ಲಾಪೆಟ್ಟಿಗೆಯ ಮೇಲೆ ಕೈಯಿಟ್ಟು ಇಡೀ ಅಂಗಡಿಗೆ ಕೇಳುವಂತೆ, "ನೋಡ್ರಲೇ, ಇಂವ ಗಂಡಸು," ಎಂದರು. ಹಾಗಾದರೆ ನಾವೆಲ್ಲ ಯಾರು? ನಾನು ಅವರ ದನಿಯಲ್ಲೇ ಕೆಮ್ಮಿದೆ. ಯಾರೂ ನಗಲಿಲ್ಲ.

ಆ ವಾರವೇ ಅವನು ನನ್ನನ್ನು ಸಿರುಗುಪ್ಪಕ್ಕೆ ಕರೆದ. "ಒಂದು ಅಂಗಡಿ ನೋಡೀನಿ. ನೀನೂ ಬಂದು ನೋಡು, ನಿನಗ ಗಿರಾಕಿ ಲಕ್ಷಣ ಗೊತ್ತಾಗ್ತೈತಿ."

ಅಂಗಡಿ ಎಂದರೆ ಕೆಲಸಕ್ಕೆ ಸೇರುವ ಅಂಗಡಿ ಎಂದುಕೊಂಡೆ. ಬಸ್ಸಿನಲ್ಲಿ ಗೊತ್ತಾಯಿತು, ಅವನೇ ಇಡುವ ಅಂಗಡಿ. ಎರಡೂ ಕಡೆ ಹಸಿರು ಭತ್ತದ ಗದ್ದೆ ಓಡುತ್ತಿತ್ತು. ನನಗೆ ಎಲ್ಲವೂ ಹಳದಿಯಾಗಿ ಕಂಡಿತು. ಮಳಿಗೆ ಮೂಲೆಯಲ್ಲಿರಲಿ, ಕತ್ತಲೆಯಿರಲಿ, ಪಕ್ಕದಲ್ಲಿ ಗಟಾರವಿರಲಿ ಎಂದು ದಾರಿಯುದ್ದಕ್ಕೂ ಬೇಡಿಕೊಂಡೆ. ಮಳಿಗೆ ಬಸ್‌ಸ್ಟ್ಯಾಂಡಿನ ಹತ್ತಿರವೇ ಇತ್ತು. ಅಗಲವಾದ ಶಟರು, ಒಳಗೆ ಕಲ್ಲಿನ ಹಾಸು, ಎದುರಿಗೆ ಬೇವಿನ ಮರದ ನೆರಳು. ಅಕ್ಕಿ ಗಿರಣಿಗಳಿಗೆ ಹೋಗಿಬರುವವರೆಲ್ಲ ಅದರ ಮುಂದೆಯೇ ಹಾಯಬೇಕು. ಗಟಾರ ಹುಡುಕಿದೆ. ಇತ್ತು, ಆದರೆ ಮೇಲೆ ಕಲ್ಲು ಮುಚ್ಚಿದ್ದರು.

"ಹ್ಯಾಂಗೈತಿ?" ಎಂದ.

"ಬಿಸಲು ಬೀಳ್ತೈತಿ," ಎಂದೆ.

"ಬಿಸಲು ಎಲ್ಲಿ ಬೀಳಂಗಿಲ್ಲಲೇ ಈ ಸೀಮ್ಯಾಗ?"

ಮಳಿಗೆಯ ಮಾಲೀಕರು ದೀಪಾವಳಿ ಪಾಡ್ಯದವರೆಗೆ ಕಾಯುವುದಾಗಿ ಹೇಳಿದ್ದರು. ಅಷ್ಟರೊಳಗೆ ಅಡ್ವಾನ್ಸು ಕೊಡದಿದ್ದರೆ ಬೇರೆಯವರಿಗೆ. ಅಡ್ವಾನ್ಸಿಗೂ ಮಾಲಿಗೂ ಅವನು ಸೊಸೈಟಿಯಲ್ಲಿ ಹೊಸ ಸಾಲ ಎತ್ತಬೇಕು. ಸಾಲ ತೀರಿಸಿದವನಿಗೆ ಅಲ್ಲಿ ದೊಡ್ಡ ಮೊತ್ತವನ್ನೇ ಕೊಡುತ್ತಾರೆ. ಎಲ್ಲ ಸರಿ, ಒಂದೇ ತೊಡಕು. ಅದನ್ನು ಅವನು ಅವರ ಮನೆಯಲ್ಲಿ ಊಟಕ್ಕೆ ಕೂತಾಗ ಹೇಳಿದ, ಅನ್ನಕ್ಕೆ ಸಾರು ಕಲಸುತ್ತ.

"ನಿನ್ನ ಸಾಲಕ್ಕ ನಾ ಜಾಮೀನು ಅದೀನಲ್ಲ. ಅದು ತೀರೂ ಮಟ ನನಗ ಹೊಸಾದು ಕೊಡಂಗಿಲ್ಲಂತ."

ಅವನ ಅಂಗಡಿಯ ಬೀಗದ ಕೈ ನನ್ನ ಜೇಬಿನಲ್ಲಿತ್ತು! ಮುಚ್ಚಿಡುವುದೇಕೆ, ಆ ಗಳಿಗೆ ಸಾರು ಬಹಳ ರುಚಿಯಾಗಿತ್ತು.

ಹುರುಪಿನಲ್ಲಿ ಅವರ ಅವ್ವನ ಮುಂದೆ ಅವನ ದನಿ ತೆಗೆದೆ. ಆಕೆ ಇನ್ನೊಂದು ಸೌಟು ಅನ್ನ ಹಾಕಲು ಬಂದರೆ, ಕುತ್ತಿಗೆ ವಾಲಿಸಿ, "ಬ್ಯಾಡ್ರಿ, ಖೋಲ್ಯಾಗ ಐತಿ." ಆಕೆ ಸೌಟು ಹಿಡಿದೇ ನಿಂತು ನನ್ನನ್ನು ನೋಡಿದಳು. ಆಮೇಲೆ ಕಣ್ಣಲ್ಲಿ ನೀರು ಬರುವಂತೆ ನಕ್ಕಳು.

"ಇದು ಇವಂದಲ್ಲಪ್ಪಾ, ನಂದು! ಇಂವ ಸಣ್ಣಾಂವ ಇದ್ದಾಗ ಸಂತ್ಯಾಗ ಎಲ್ಲಾ ಬೇಕಂತಿದ್ದ. ಬಳಿ ಮಾರಾಕಿ ಬಂದ್ರೂ ಬ್ಯಾಡವ್ವ ಮನ್ಯಾಗ ಐತಿ ಅಂತಿದ್ದೆ ನಾ, ಸಕ್ರಿ ಮಿಠಾಯ್ಯಾಂವ ಬಂದ್ರೂ ಮನ್ಯಾಗ ಐತಿ. ಮನ್ಯಾಗ ಏನಿತ್ತು, ಮಣ್ಣು? ಇಂವ ಮನಿಗೆ ಬಂದು ಡಬ್ಬಿ ಎಲ್ಲಾ ತಗದು ಹುಡಿಕ್ಯಾನ ನೋಡು, ಮಿಠಾಯಿ ಎಲ್ಲೈತೆ ಅಂತ!"

ಅವನ ಕಿವಿ ಕೆಂಪಾದವು. ಹೀಗೆ ಅವನೂ ದನಿ ತೆಗೆಯುವವನೇ. ಕೇಳಿ ನನಗೆ ಸಮಾಧಾನವಾಗಬೇಕಿತ್ತು, ಇನ್ನೂ ಉರಿಯಿತು. ಅವನಿಗೆ ಹುಟ್ಟಿದ ಮನೆಯಲ್ಲಿಯೇ ಬೇಡ ಅನ್ನುವ ದನಿ ಸಿಕ್ಕಿತ್ತು. ನನಗೆ ಸಿಕ್ಕದ್ದು ಇನ್ನೊಂದ್ ನಾಕು ಪ್ಲೇಟ್ ಹಚ್ಚಪಾ.

ವಾಪಸ್ಸು ಬರುವಾಗ ಬಸ್ಸಿನಲ್ಲಿ ಕಿಟಕಿಯಾಚೆ ನೋಡುತ್ತ ಅವನೆಂದ, "ನಿಂದು ಉಳಿದದ್ದು ನಾ ಕಟ್ಟಿಬಿಡ್ತೀನಿ. ನಿನಗ ಆದಾಗ ನನಗ ಕೊಡೀಯಂತ."

"ಬ್ಯಾಡ."

"ಯಾಕಲೇ?"

"ಖೋಲ್ಯಾಗ ಐತಿ."

ಅವನಿಗೆ ನಗು ಬಂತು. ನಕ್ಕದ್ದನ್ನು ನಾನು ಅಪರೂಪಕ್ಕೆ ನೋಡಿದೆ. ಹಲ್ಲು ಸಾಲಾಗಿವೆ, ಅದೂ ಒಂದು ಉರಿ. ಆದರೆ ನಾನು ತಮಾಷೆಗೆ ಹೇಳಿರಲಿಲ್ಲ. ಸೊಸೈಟಿಗೆ ಕೊಡಬೇಕಾದರೆ ತಿಂಗಳಿಗೊಮ್ಮೆ ತಲೆ ತಗ್ಗಿಸಿದರೆ ಮುಗಿಯಿತು. ಅವನಿಗೆ ಕೊಡಬೇಕಾದರೆ ಬೆಳಿಗ್ಗೆ ಹಲ್ಲುಜ್ಜುವಾಗಿನಿಂದ ತಗ್ಗಿಸಬೇಕು.

ದೀಪಾವಳಿ ಹತ್ತಿರ ಬಂತು. ಸಾವುಕಾರರು ಬೋನಸ್ಸು ಕೊಟ್ಟರು. ನನ್ನ ಬೋನಸ್ಸು, ಅಕ್ಕನ ಹತ್ತಿರ ಕೂಡಿದ್ದ ಚಿಲ್ಲರೆ, ಆ ತಿಂಗಳ ಸಂಬಳ ಮೂರೂ ಸೇರಿಸಿದರೆ ಸಾಲ ಪೂರ್ತಿ ತೀರುತ್ತಿತ್ತು, ತಿಂಗಳಿಡೀ ಜೇಬು ಖಾಲಿ ಇಟ್ಟುಕೊಂಡರೆ. ಹಾಗೆ ತೀರಿಸಲು ನನಗೇನೂ ಅವಸರವಿರಲಿಲ್ಲ. ಕಂತು ಕಂತಾಗಿ ಕಟ್ಟಿದರೆ ಬೇಸಿಗೆಯ ಹೊತ್ತಿಗೆ ತಾನೇ ಮುಗಿಯುತ್ತಿತ್ತು. ಅವಸರವಿದ್ದದ್ದು ಅವನಿಗೆ. ಅದೇ ಹೊತ್ತಿಗೆ ಗಾಂಧಿನಗರದ ಒಂದು ಅಂಗಡಿಯಲ್ಲಿ ಎರಡು ಸ್ಪೀಕರು ಮಾರಾಟಕ್ಕಿವೆ ಎಂದು ಗೊತ್ತಾಯಿತು. ಒಬ್ಬರು ಬಳಸಿ ಬಿಟ್ಟವು, ಆದರೆ ಗಟ್ಟಿ. ಹೋಗಿ ನೋಡಿದೆ. ಮೈಕು ಹಿಡಿದು ಒಮ್ಮೆ ಸಾವುಕಾರರಂತೆ ಕೆಮ್ಮಿದೆ. ಅಂಗಡಿಯ ಗಾಜು ಅದುರಿತು. ಬೋನಸ್ಸು ಅದಕ್ಕೇ ಸರಿಹೋಗುತ್ತಿತ್ತು.

ಅಲ್ಲಿಂದ ಖೋಲಿಗೆ ನಡೆದು ಬರುತ್ತ ಮನಸ್ಸಿನಲ್ಲಿ ಆಟ ಕಟ್ಟಿದೆ. ಪಾಡ್ಯ ಕಳೆದಿದೆ. ಮಳಿಗೆ ಬೇರೆಯವರ ಪಾಲಾಗಿದೆ. ಅವನು ಮತ್ತೆ ನನ್ನ ಪಕ್ಕದಲ್ಲಿ ಕೂತು ಥಾನು ಸುತ್ತುತ್ತಿದ್ದಾನೆ. ಆಹಾ, ಎನ್ನಿಸಿತು. ನಾನು ಅವನಿಗೆ ಹೇಳುತ್ತೇನೆ: ಲೇ, ನಂದು ತೀರಸಾಕ ಆಗ್ಲಿಲ್ಲಪಾ, ತಪ್ಪು ತಿಳಿಬ್ಯಾಡ. ಅದಕ್ಕೆ ಅವನು ಏನನ್ನುತ್ತಾನೆ? ಅವನ ದನಿಯಲ್ಲಿ ಉತ್ತರ ತೆಗೆದು ನೋಡಿದೆ, ರಸ್ತೆಯಲ್ಲೇ, ಸಣ್ಣಗೆ.

"ಇರ್ಲಿ ಬಿಡು."

ಎಷ್ಟು ಸರಿಯಾಗಿ ಬಂತೆಂದರೆ ನನಗೇ ಮೈ ಝುಂ ಅಂದಿತು. ಬೇರೆ ಉತ್ತರ ಬರಲಿ ಎಂದು ಮತ್ತೆ ತೆಗೆದೆ. ಬೈಗುಳ ತೆಗೆಯಲು ನೋಡಿದೆ, ಅಳು ತೆಗೆಯಲು ನೋಡಿದೆ. ಅವನ ದನಿಯಲ್ಲಿ ಅವು ಕೂರಲೇ ಇಲ್ಲ. ಇರ್ಲಿ ಬಿಡು, ಅಷ್ಟೇ ಕೂರುತ್ತಿತ್ತು. ಅವನು ಹಾಗೆ ಅನ್ನುತ್ತಾನೆ, ಗೋಡೆಯ ಕಡೆ ಹೊರಳುತ್ತಾನೆ, ಗೊರಕೆ ಹೊಡೆಯುತ್ತಾನೆ. ನಾನು ಎದ್ದು ಕೂತಿರುತ್ತೇನೆ, ಆ ವರ್ಷ, ಮುಂದಿನ ವರ್ಷ. ನನ್ನನ್ನು ಕ್ಷಮಿಸಿದ ಮನುಷ್ಯ ಅದೇ ಫ್ಯಾನಿನ ಕೆಳಗೆ ಮಲಗಿರುತ್ತಾನೆ. ಬಜ್ಜಿ ತಿನ್ನದವನೆಂದು, ಸಾಲ ತೀರಿಸಿದವನೆಂದು ಅವನ ಮೇಲೆ ಉರಿಯಬಹುದು. ನನ್ನನ್ನು ಕ್ಷಮಿಸಿದವನೆಂದು ಉರಿಯಲು ನನಗೆ ಅಷ್ಟು ಹೊಟ್ಟೆಯಿಲ್ಲ.

ನೇರ ಖಾನಾವಳಿಗೆ ಹೋಗಿ ಅಕ್ಕನಿಗೆ, "ನನ್ನವು ಎಲ್ಲಾ ಕೊಡ್ರಿ," ಎಂದೆ.

"ಸ್ವಾಮಾರ ಅಲ್ಲ ಇವತ್ತು."

"ಸೊಸೈಟಿಗೆ ಕಟ್ಟಾಕಕ್ಕ."

"ಯಾರ ದನಿಯಿದು?"

"ಗೊತ್ತಿಲ್ಲಕ್ಕ. ಕೊಡ್ರಿ, ಬಾಗಲಾ ಹಾಕ್ತಾರ."

ಹಿಟ್ಟಿನ ಕೈಯಲ್ಲೇ ತೆಗೆದುಕೊಟ್ಟಳು. ಬೆಳ್ಳಗಾದ ನೋಟುಗಳನ್ನು ಕೌಂಟರಿನ ಮೇಲೆ ಇಟ್ಟಾಗ ಹುಡುಗಿ ಒಂದೊಂದನ್ನೇ ಕೊಡವಿ ಎಣಿಸಿದಳು. ಸಾಲ ತೀರಿತು. ಏನೋ ಆಗುತ್ತದೆ ಎಂದುಕೊಂಡು ಒಂದಿಷ್ಟು ಹೊತ್ತು ಅಲ್ಲೇ ನಿಂತೆ. ಹಿಂದಿದ್ದವರು ಸರಿಯಿರಿ ಎಂದರು.

ಮರುದಿನ ಇಬ್ಬರೂ ಸೆಕ್ರೆಟರಿಯ ಮೇಜಿನ ಮುಂದೆ ಕೂತೆವು. ನನ್ನ ಸಾಲದಿಂದ ಅವನ ಜಾಮೀನು ಬಿಡುಗಡೆಯಾಯಿತು. ಸೆಕ್ರೆಟರಿಗಳು ಅವನ ಹೊಸ ಅರ್ಜಿ ತೆಗೆದು ಕನ್ನಡಕದ ಮೇಲಿನಿಂದ ನೋಡಿದರು.

"ಎಲ್ಲಾ ಬರೋಬರಿ ಐತಿ. ಇದಕ್ಕ ಜಾಮೀನು ಯಾರು? ಇಷ್ಟು ದೊಡ್ಡ ಸಾಲಕ್ಕ ಬಾಕಿ ಇರೂ ಮೆಂಬರ್ ನಡ್ಯಂಗಿಲ್ಲ ಮತ್ತ. ಕ್ಲಿಯರ್ ಇರಬೇಕು."

ಇಡೀ ಪೇಟೆಯಲ್ಲಿ ಬಾಕಿಯಿಲ್ಲದ ಕೆಲಸಗಾರ ಆ ಗಳಿಗೆಗೆ ಯಾರಿದ್ದ? ನಾನೇ. ಸಾಲ ತೀರಿ ಒಂದು ದಿನವೂ ಆಗಿರಲಿಲ್ಲ. ನಾನು ಕುರ್ಚಿಗೆ ಒರಗಿ ಕಾಲ ಮೇಲೆ ಕಾಲು ಹಾಕಿದೆ. ಈಗ ಕೇಳಲಿ ಎಂದುಕೊಂಡೆ. ಕೈಗಡ ಕೇಳುವಾಗ ನನ್ನ ದನಿ ಇಳಿಯುವಂತೆ ಒಮ್ಮೆ ಅವನದೂ ಇಳಿಯಲಿ. ಯೋಚನೆ ಮಾಡ್ತೀನಿ ಅನ್ನುತ್ತೇನೆ, ಎರಡು ದಿನ ಸತಾಯಿಸುತ್ತೇನೆ, ಒಂದು ಮಿರ್ಚಿ ಬಜ್ಜಿ ತಿನ್ನಿಸಿಕೊಳ್ಳುತ್ತೇನೆ.

ಅವನು ನನ್ನ ಕಡೆ ನೋಡಲೇ ಇಲ್ಲ. "ನಮ್ಮೂರಾಂವ ಒಬ್ಬ ಮೆಂಬರ್ ಅದಾನ್ರಿ. ಅವನ್ನ ಕರ್ಕೊಂಡು ಬರ್ತೀನ್ರಿ," ಎಂದ.

ಯಾವನವನು? ಇಷ್ಟು ವರ್ಷ ಒಂದೇ ಖೋಲಿಯಲ್ಲಿದ್ದ ನನಗೆ ಗೊತ್ತಿಲ್ಲದ ಊರವನು ಯಾವನು? ಅವನನ್ನು ಇವನು ಯಾವಾಗ ಕೇಳಿದ, ಯಾವ ದನಿಯಲ್ಲಿ ಕೇಳಿದ? ನನ್ನ ಮುಂದೆ ಇಳಿಯದ ದನಿ ಅವನ ಮುಂದೆ ಇಳಿದಿತ್ತೇ? ನನ್ನೊಳಗೆ ಎಲ್ಲ ಬಜ್ಜಿ ಬಾಣಲೆಗಳೂ ಒಟ್ಟಿಗೆ ಕಾದವು.

"ಏ, ಅವನ್ಯಾಕ?" ಎಂದೆ. "ನಾ ಅದೀನಲ್ಲ!"

"ನಿನಗ ಈಗರ ಬಿಡುಗಡಿ ಆಗೇತಲೇ. ಸುಮ್ಕ ಯಾಕ ಮತ್ತ..."

"ಪೆನ್ ತರ್ರಿ ಸಾರ್ ಇತ್ತಾಗ."

ಪೆನ್ನು ಕಿತ್ತುಕೊಂಡು ಸಹಿ ಹಾಕಿದೆ. ಹಾಕಿದ ಮೇಲೆ ಸೆಕ್ರೆಟರಿಗಳು ಮೊತ್ತ ಓದಿದರು. ಎರಡು ಲಕ್ಷ. ನನ್ನ ಕಾಲು ತಾನಾಗಿ ಕೆಳಗಿಳಿಯಿತು.

ಹೊರಗೆ ಬಂದು ಕೇಳಿದೆ, "ಖರೇ ಹೇಳು, ಆ ನಿಮ್ಮೂರಾಂವ ಯಾರು?"

"ಅದಾನ," ಎಂದ. "ಆದ್ರ ಅವಂದೂ ಬಾಕಿ ಐತೋ ಏನೋ, ಕೇಳಬೇಕಿತ್ತು."

ಈಗ ಅವನು ಸಿರುಗುಪ್ಪದಲ್ಲಿ ಸಾವುಕಾರ. ನಾನು ಬ್ರೂಸ್‌ಪೇಟೆಯಲ್ಲಿ ಅದೇ ಕುರುಗೋಡು. ಅವನು ಹೋದ ಮೇಲೆ ಖೋಲಿಯ ಬಾಡಿಗೆ ಪೂರ್ತಿ ನನ್ನ ತಲೆಗೇ ಬಂತು; ಸಾಲ ತೀರಿಸಿ ನಾನು ಗಳಿಸಿದ ಮೊದಲ ಆಸ್ತಿ ಅದು. ಸ್ಪೀಕರು ಇನ್ನೂ ಕೊಂಡಿಲ್ಲ, ಅಕ್ಕನ ಹತ್ತಿರ ಅದರ ಪಾಲು ಕೂಡುತ್ತಿದೆ. ರಜೆ ಸಿಕ್ಕಾಗೆಲ್ಲ ಸಿರುಗುಪ್ಪದ ಬಸ್ಸು ಹತ್ತುತ್ತೇನೆ. ಅವನ ಅಂಗಡಿಯಲ್ಲಿ ಗಿರಾಕಿ ತುಂಬಿದ್ದರೆ ನನಗೆ ಹೊಟ್ಟೆ ಉರಿಯುತ್ತದೆ. ಖಾಲಿಯಿದ್ದರೆ ಅವನ ಕಂತಿನ ತಾರೀಖು ಎಣಿಸುತ್ತೇನೆ. ಎರಡು ಲಕ್ಷಕ್ಕೆ ಸಹಿ ಹಾಕಿದ ಮೇಲೆ ಅವನು ಮುಳುಗಲಿ ಎಂದು ನೆಮ್ಮದಿಯಿಂದ ಬಯಸುವ ಸುಖವೂ ನನಗಿಲ್ಲ.

ಹೋದ ಸಲ ಮಧ್ಯಾಹ್ನ ಹೋದಾಗ ಅಂಗಡಿಯಲ್ಲಿ ನರಪಿಳ್ಳೆ ಇರಲಿಲ್ಲ. ಬಾಗಿಲಲ್ಲಿ ನಿಂತು ನನಗೆ ಗೊತ್ತಿದ್ದ ಎಲ್ಲ ದನಿಯಲ್ಲೂ ಕೂಗತೊಡಗಿದೆ. ಕನ್ನಡದಲ್ಲಿ, ತೆಲುಗಿನಲ್ಲಿ, ಕಂಡಕ್ಟರನಂತೆ.

"ಲೇ, ಸುಮ್ಕ ಕುಂದ್ರು ಬಾ. ಉಣ್ಣೂ ಹೊತ್ತು, ಯಾರೂ ಬರಂಗಿಲ್ಲ," ಎಂದ ಒಳಗಿನಿಂದ.

"ಬರಂಗಿಲ್ಲ ಅಂದ್ರ ಹ್ಯಾಂಗಲೇ? ಕಂತು ನಾ ಕಟ್ಲೇನು?"

ಬಸ್ಸಿಳಿದ ಒಬ್ಬ ಹೆಂಗಸು ನನ್ನ ಕೂಗಿಗೆ ನಿಂತಳು, ನಕ್ಕಳು, ಮೂವರು ಮಕ್ಕಳೊಂದಿಗೆ ಒಳಗೆ ಬಂದಳು. ಮೂವರಿಗೂ ಶರ್ಟಿನ ಬಟ್ಟೆ ಅಳೆಸಿದಳು. ಅವನು ಅಳೆದ, ನಾನು ಮಡಚಿದೆ.

"ಅಂಗಡಿ ನಿಂದೇನಪ್ಪಾ?" ಎಂದು ನನ್ನನ್ನೇ ಕೇಳಿದಳು.

"ಅಂಗಡಿ ಅವಂದ್ರಿ. ಜಾಮೀನು ನಂದು."

ಆಕೆಗೆ ಏನು ಅರ್ಥವಾಯಿತೋ. "ಹಂಗಾರ ಇಬ್ಬರೂ ಸೇರಿ ಐವತ್ತು ರುಪಾಯಿ ಬಿಡ್ರಿ," ಎಂದಳು.

ಅವನು ಬಾಯಿ ತೆರೆಯುವ ಮುಂಚೆ, ಕುತ್ತಿಗೆ ವಾಲಿಸದೆ, ನಾನೇ ಅಂದೆ, "ಬಿಡಾಕ ಬರಂಗಿಲ್ರೀ ಅಕ್ಕಾರ."